ಹಳೆಯ ಸ್ಪೋರ್ಟ್ಸ್ ಕಾರುಗಳ ಬಣ್ಣದ ಮೇಲಿನ ಕಲ್ಲೇಟು

ಕಲ್ಲೇಟು ಎಂದರೆ ಚಲಿಸುತ್ತಿರುವ ವಾಹನದ ಮೈಗೆ ರಸ್ತೆಯ ಜಲ್ಲಿಚೂರು ಸಿಡಿದು ಬಡಿದಾಗ ಆ ಜಾಗದ ಬಣ್ಣವು ಚಕ್ಕೆಯಾಗಿ ಎದ್ದುಹೋಗುವುದು. ಇದರ ಗಾತ್ರ ಸಾಮಾನ್ಯವಾಗಿ ಸಾಸಿವೆ ಕಾಳಿನಿಂದ ಕಡಲೆಬೇಳೆಯಷ್ಟಿರುತ್ತದೆ. ನೆಲಕ್ಕೆ ಸಮೀಪವಾಗಿ ನಿರ್ಮಿತವಾದ ಸ್ಪೋರ್ಟ್ಸ್ ಕಾರುಗಳಲ್ಲಿ ಬಾನೆಟ್ಟಿನ ಮುಂದಿನ ಅಂಚು, ಚಕ್ರಗಳ ಹಿಂದಿನ ಭಾಗ ಮತ್ತು ಬಾಗಿಲುಗಳ ಕೆಳಭಾಗ ಹೆಚ್ಚಾಗಿ ಈ ಏಟಿಗೆ ಗುರಿಯಾಗುತ್ತವೆ. ಹಳೆಯ ಕಾರಿನಲ್ಲಿ ಇದು ಅಂದಕ್ಕೆ ಮಾತ್ರ ಸಂಬಂಧಿಸಿದ ದೋಷವಲ್ಲ. ಉಪೇಕ್ಷಿಸಿದರೆ ತುಕ್ಕು ಹಿಡಿದು ತಗಡು ತೂತಾಗುತ್ತದೆ. ಅದಕ್ಕೆ ಹೆದರಿ ಇಡೀ ಕಾರಿಗೆ ಹೊಸ ಬಣ್ಣ ಹೊಡೆಸಿದರೆ ಮೂಲ ಬಣ್ಣವು ಮತ್ತೆ ದೊರೆಯದಂತೆ ಅಳಿಯುತ್ತದೆ. ಆದ್ದರಿಂದ ಏಟು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ತಿಳಿದು, ಅಷ್ಟಕ್ಕೆ ಮಾತ್ರ ಬೇಗನೆ ಚಿಕಿತ್ಸೆ ಮಾಡುವುದು ಸೂಕ್ತ.

ಕಾರಣಗಳು

ಬಡಿಯುವ ಕಲ್ಲಿನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ತಾಗುವ ಕಲ್ಲಿಗಿಂತ 100 ಕಿ.ಮೀ. ವೇಗದಲ್ಲಿ ತಾಗುವ ಅದೇ ಕಲ್ಲು ನಾಲ್ಕು ಪಟ್ಟು ಶಕ್ತಿಯಿಂದ ಬಡಿಯುತ್ತದೆ. ಈ ಕಾರಣದಿಂದ ಜಯನಗರದ ಒಳರಸ್ತೆಗಳಲ್ಲಿ ವರ್ಷಗಟ್ಟಲೆ ಸುರಕ್ಷಿತವಾಗಿದ್ದ ಕಾರಿಗೆ 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯ ಒಂದೇ ಪ್ರಯಾಣದಲ್ಲಿ ಹಲವು ಗುರುತುಗಳು ಬೀಳಬಹುದು. ಹೊಸದಾಗಿ ಡಾಂಬರು ಹಾಕಿದ ರಸ್ತೆಯ ಬಿಡಿ ಜಲ್ಲಿ ಮತ್ತು ಟಿಪ್ಪರ್ ಲಾರಿಗಳಿಂದ ಉದುರುವ ಕಲ್ಲುಗಳೂ ಮುಖ್ಯ ಕಾರಣಗಳು.

ಬಣ್ಣದ ಪದರಗಳು

ಇಂದಿನ ಕಾರುಗಳಲ್ಲಿ ಉಕ್ಕಿನ ತಗಡಿನ ಮೇಲೆ ಫಾಸ್ಫೇಟ್ ಲೇಪ, ವಿದ್ಯುತ್ತಿನ ಸಹಾಯದಿಂದ ಕೂರಿಸಿದ ತುಕ್ಕುನಿರೋಧಕ ಪದರ, ಪ್ರೈಮರ್, ಬಣ್ಣ ಮತ್ತು ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತವೆ. ಇವೆಲ್ಲವೂ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್ ಮಾತ್ರ. ಹಳೆಯ ಕಾರುಗಳಲ್ಲಿ ಅನೇಕವು ಕ್ಲಿಯರ್ ಕೋಟ್ ಇಲ್ಲದೆ ಪ್ರೈಮರ್ ಮತ್ತು ಬಣ್ಣವನ್ನಷ್ಟೇ ಹೊಂದಿರುತ್ತವೆ. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯು ಡ್ಯೂಕೋ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ತಂದ ನೈಟ್ರೋಸೆಲ್ಯುಲೋಸ್ ಬಣ್ಣ ಇದಕ್ಕೆ ಉದಾಹರಣೆ. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ಎನ್‌ಸಿ ಪೇಂಟ್ ಎನ್ನುತ್ತಾರೆ. ಈ ಬಗೆಯ ಬಣ್ಣವು ಎಷ್ಟೇ ಹಳೆಯದಾದರೂ ಥಿನ್ನರ್‌ನಲ್ಲಿ ಮತ್ತೆ ಕರಗುತ್ತದೆ.

ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಚ್ಚಿ, ಕಣ್ಣಿಗೆ ಬೀಳದ ಜಾಗದಲ್ಲಿ ಮೆಲ್ಲಗೆ ಉಜ್ಜಿದಾಗ ಕಾರಿನ ಬಣ್ಣ ಬಟ್ಟೆಗೆ ಹತ್ತಿದರೆ, ಅದರ ಮೇಲೆ ಕ್ಲಿಯರ್ ಕೋಟ್ ಇಲ್ಲವೆಂದು ತಿಳಿಯಬಹುದು.

ತುಕ್ಕು ಹರಡುವ ಬಗೆ

ಕಬ್ಬಿಣ, ನೀರು ಮತ್ತು ಆಮ್ಲಜನಕ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಸುತ್ತಲಿನ ಗಟ್ಟಿ ಬಣ್ಣವನ್ನೂ ಎತ್ತುತ್ತ ಪಕ್ಕಕ್ಕೆ ಹರಿಯುತ್ತದೆ. ಹೊರಗೆ ಒಂದು ಚುಕ್ಕೆ ಕಂಡರೂ ಒಳಗೆ ಅದು ಅಗಲವಾಗಿ ಹಬ್ಬಿರಬಹುದು. ಮಂಗಳೂರು, ಉಡುಪಿಗಳಂತಹ ಕರಾವಳಿಯ ಊರುಗಳಲ್ಲಿ ಉಪ್ಪಿನ ಗಾಳಿಯಿಂದ ಈ ಕ್ರಿಯೆ ಚುರುಕಾಗುತ್ತದೆ. ಬೆಂಗಳೂರಿನಲ್ಲಿ ಆ ತೊಂದರೆ ಇಲ್ಲವಾದರೂ, ಮಳೆಗಾಲದಲ್ಲಿ ಮರದಡಿ ನಿಂತ ಕಾರಿನ ಮೇಲೆ ಒದ್ದೆ ಎಲೆಗಳು ಕೂತು ತೇವ ಆರದೆ ಉಳಿಯುತ್ತದೆ.

ಎಲ್ಲ ಕಾರುಗಳ ಮೈಯೂ ಉಕ್ಕಿನದಲ್ಲ. ಬೆಂಗಳೂರಿನ ಸ್ಯಾನ್ ಮೋಟರ್ಸ್ ಹೊರತಂದ ಎರಡು ಆಸನಗಳ ಸ್ಯಾನ್ ಸ್ಟಾರ್ಮ್ ಕಾರಿನ ಮೈ ಫೈಬರ್ ಗ್ಲಾಸಿನದು. ಇಂತಹ ಮೈಗೆ ತುಕ್ಕು ಹಿಡಿಯದು. ಆದರೆ ಏಟು ಬಿದ್ದಲ್ಲಿ ನಕ್ಷತ್ರಾಕಾರದ ಬಿರುಕುಗಳು ಮೂಡಬಹುದು. ಬಿರುಕನ್ನು ಬಿಡಿಸಿ ತುಂಬದೆ ಮೇಲೆ ಬಣ್ಣ ಹಚ್ಚಿದರೆ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

ದುರಸ್ತಿಯ ಕ್ರಮ

1. ಕಾರನ್ನು ತೊಳೆದು ಪೂರ್ತಿ ಒಣಗಿಸಿ, ಹಗಲು ಬೆಳಕಿನಲ್ಲಿ ಪ್ರತಿ ಗುರುತನ್ನೂ ಪರೀಕ್ಷಿಸಬೇಕು. ಬಣ್ಣ ಮಾತ್ರ ಹೋಗಿದೆಯೇ, ಪ್ರೈಮರ್ ಕಾಣುತ್ತಿದೆಯೇ, ಲೋಹ ಬಯಲಾಗಿದೆಯೇ ಎಂಬುದನ್ನು ನೋಡಬೇಕು.
2. ಆ ಜಾಗದ ಮೇಣ, ಜಿಡ್ಡುಗಳನ್ನು ತೆಗೆಯಬೇಕು. ಎನ್‌ಸಿ ಪೇಂಟಿನ ಮೇಲೆ ಥಿನ್ನರ್ ಬಳಸಬಾರದು.
3. ಸಡಿಲವಾದ ಬಣ್ಣವನ್ನೂ ತುಕ್ಕನ್ನೂ ಚೂಪಾದ ಸಾಧನದಿಂದ ಹೊಳೆಯುವ ಲೋಹ ಕಾಣುವವರೆಗೆ ಕೆರೆಯಬೇಕು. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಿವಾರಕವನ್ನು ಹಚ್ಚಿ, ಅದರ ಡಬ್ಬಿಯ ಮೇಲಿನ ಸೂಚನೆಯಂತೆ ಶುಚಿಗೊಳಿಸಬೇಕು.
4. ಲೋಹ ಬಯಲಾದಲ್ಲಿ ಮಾತ್ರ ಪ್ರೈಮರ್ ಹಚ್ಚಬೇಕು.
5. ಬಣ್ಣವನ್ನು ಸಣ್ಣ ಕುಂಚದಿಂದಲೋ ಹಲ್ಲುಕಡ್ಡಿಯ ತುದಿಯಿಂದಲೋ ತೆಳುವಾಗಿ ಇಡಬೇಕು. ಒಣಗಿದಂತೆ ಬಣ್ಣ ಕುಗ್ಗುವುದರಿಂದ, ಸುತ್ತಲಿನ ಮಟ್ಟಕ್ಕೆ ಬರುವವರೆಗೆ ಪದರದ ಮೇಲೆ ಪದರ ಬೇಕಾಗುತ್ತದೆ.
6. ಮೂಲದಲ್ಲಿ ಕ್ಲಿಯರ್ ಕೋಟ್ ಇದ್ದರೆ ಅದನ್ನೂ ಹಚ್ಚಬೇಕು.
7. ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ, ಅಗತ್ಯವೆನಿಸಿದರೆ ಮಾತ್ರ, 2000 ಸಂಖ್ಯೆಯ ವಾಟರ್ ಪೇಪರಿನಿಂದ ಒದ್ದೆಯಾಗಿಯೇ ಉಜ್ಜಿ ಪಾಲಿಶ್ ಮಾಡಬಹುದು. ದಶಕಗಳ ಪಾಲಿಶ್‌ನಿಂದ ತೆಳುವಾದ ಹಳೆಯ ಬಣ್ಣ ಈ ಹಂತದಲ್ಲಿ ಸವೆದುಹೋಗುವ ಅಪಾಯವಿದೆ.

ಕಾರಿನ ಫಲಕದಲ್ಲಿರುವ ಬಣ್ಣದ ಸಂಕೇತವು ಕಾರ್ಖಾನೆಯಿಂದ ಬಂದಾಗಿನ ಛಾಯೆಯನ್ನು ಹೇಳುತ್ತದೆಯೇ ಹೊರತು ಬಿಸಿಲಿಗೆ ಮಾಸಿದ ಇಂದಿನ ಛಾಯೆಯನ್ನಲ್ಲ. ಆದುದರಿಂದ ಬಣ್ಣ ಬೆರೆಸುವ ಅಂಗಡಿಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದಂತಹ ಬಿಡಿಭಾಗವನ್ನು ಒಯ್ದು ಹೋಲಿಸುವುದು ಉತ್ತಮ.

ಎಚ್ಚರಿಕೆಗಳು

ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಾಧ್ಯತೆಯಿದೆ. ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು. ಗಟ್ಟಿಕಾರಕ ಬೆರೆಸುವ ಟು-ಕೆ ಬಣ್ಣಗಳಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಹಾನಿಕರ. ಅವುಗಳನ್ನು ಮನೆಯಲ್ಲಿ ಸಿಂಪಡಿಸದೆ, ಸೂಕ್ತ ವ್ಯವಸ್ಥೆಯುಳ್ಳ ಕಾರ್ಯಾಗಾರಕ್ಕೆ ಬಿಡಬೇಕು.

ತಡೆಗಟ್ಟುವಿಕೆ

ಲಾರಿಗಳಿಂದ ಅಂತರ ಕಾಯ್ದುಕೊಳ್ಳುವುದು, ಬಿಡಿ ಜಲ್ಲಿಯ ಮೇಲೆ ನಿಧಾನವಾಗಿ ಸಾಗುವುದು ಮತ್ತು ಚಕ್ರಗಳ ಹಿಂದೆ ಮಡ್‌ಫ್ಲ್ಯಾಪ್ ಹಾಕಿಸುವುದು ಸುಲಭದ ಉಪಾಯಗಳು. ಪಾರದರ್ಶಕ ರಕ್ಷಣಾ ಫಿಲ್ಮ್ ಕೂಡ ಉಪಯುಕ್ತ. ಆದರೆ ಹಿಡಿತ ಸಡಿಲಗೊಂಡ ಹಳೆಯ ಬಣ್ಣದ ಮೇಲೆ ಅಂಟಿಸಿದರೆ, ಅದನ್ನು ತೆಗೆಯುವಾಗ ಬಣ್ಣವೂ ಜೊತೆಗೆ ಕಿತ್ತುಬರಬಹುದು. ಮಳೆಗಾಲಕ್ಕೆ ಮೊದಲೊಮ್ಮೆ ಮತ್ತು ಪ್ರತಿ ದೂರ ಪ್ರಯಾಣದ ನಂತರ ಕಾರಿನ ಮುಂಭಾಗವನ್ನು ಪರೀಕ್ಷಿಸಿದರೆ, ಬಹುಪಾಲು ಗುರುತುಗಳನ್ನು ತುಕ್ಕು ಹಿಡಿಯುವ ಮೊದಲೇ ಸರಿಪಡಿಸಬಹುದು.