ಇಳಿವಯಸ್ಸಿಗೆ ನಮ್ಮ ಕಡೆ ಬರುವಿರಾ? ಮೊದಲು ಬೇಸಿಗೆಯಲ್ಲಿ ಬಂದು ನೋಡಿ

ಮಕ್ಕಳು ಬೆಂಗಳೂರಿನಲ್ಲಿ. ಇತ್ತ ತೋಟಕ್ಕೆ ಆಳು ಸಿಕ್ಕುವುದಿಲ್ಲ, ಮಂಡಿನೋವು ಬಿಡುವುದಿಲ್ಲ. ಮಗನ ಫ್ಲ್ಯಾಟಿನಲ್ಲಿ ನಾಲ್ಕು ದಿನ ಕಳೆದರೆ ಉಸಿರುಕಟ್ಟುತ್ತದೆ. ಬೆಂಗಳೂರಿಗೆ ಹತ್ತಿರವಿರುವ, ಆದರೆ ಬೆಂಗಳೂರಲ್ಲದ ಊರು ಬೇಕೆಂದು ಹುಡುಕುವ ಕೃಷಿಕ ದಂಪತಿಗಳಿಗೆ ನಮ್ಮ ಚನ್ನಪಟ್ಟಣ ತಾಲ್ಲೂಕು ಕಣ್ಣಿಗೆ ಬೀಳುವುದು ಸಹಜ. ಬೆಂಗಳೂರಿಗೆ 60 ಕಿ.ಮೀ., ರೈಲೂ ಉಂಟು, ಬಸ್ಸೂ ಉಂಟು.

ನಾನು ಅಕ್ಕೂರು ಕಡೆಯ ರೈತ. ಜಾಗ ನೋಡಲು ಬಂದವರ ಮೊದಲ ಪ್ರಶ್ನೆ, 'ಗುಂಟೆಗೆ ಎಷ್ಟು?' 'ಏಪ್ರಿಲಿನಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ?' ಎಂದು ಕೇಳುವವರು ಕಡಿಮೆ. ಕೇಳಬೇಕಾದ್ದು ಅದೇ.

ರೇಟು ಏರಿದೆ, ನೀರು ಏರಿಲ್ಲ

2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾಯಿತು. 2023ರ ಮಾರ್ಚಿನಲ್ಲಿ ಹೊಸ ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ದಲ್ಲಾಳಿಗಳಿಗೆ ಇವೆಲ್ಲ ರೇಟು ಹೇಳುವ ಸಂಗತಿಗಳು. ಹೆಸರು ಬದಲಾದ್ರೆ ಬೋರಿನಲ್ಲಿ ನೀರು ಬರಲ್ಲ.

ಇಲ್ಲಿ ವರ್ಷಕ್ಕೆ ಬೀಳುವುದು 800 ಮಿ.ಮೀ. ಆಸುಪಾಸಿನ ಮಳೆ. ಪುತ್ತೂರು, ಸುಳ್ಯದ ಕಡೆಯ ನಾಲ್ಕನೇ ಒಂದು ಪಾಲು ಎನ್ನಿ. ಕಣ್ವ ಜಲಾಶಯವಿದೆ, ಇಗ್ಗಲೂರು ಬ್ಯಾರೇಜಿನಿಂದ ಕೆರೆ ತುಂಬಿಸುವ ಯೋಜನೆಯಿದೆ. ಕೆರೆ ತುಂಬಿದ ವರ್ಷ ಅದರ ಕೆಳಗಿನ ಬೋರುಗಳು ಚೇತರಿಸಿಕೊಳ್ಳುತ್ತವೆ. ಆದ್ದರಿಂದ ನೀವು ನೋಡುವ ಜಾಗ ಯಾವ ಕೆರೆಯ ಮಗ್ಗುಲಲ್ಲಿದೆ, ಆ ಕೆರೆಗೆ ನೀರು ಬರುತ್ತದೆಯೇ ಎಂದು ಪಕ್ಕದ ಜಮೀನಿನವರನ್ನು ಕೇಳಿ, ಮಾರುವವರನ್ನಲ್ಲ. ಬೋರಿನ ನೀರನ್ನು ಪರೀಕ್ಷೆಗೂ ಕೊಡಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ. ಮೀರಬಾರದು.

ಸೂರಿನ ನೀರನ್ನು ಮರೆಯಬೇಡಿ. 1,000 ಚದರಡಿ ಸೂರಿನ ಮೇಲೆ 800 ಮಿ.ಮೀ. ಮಳೆ ಬಿದ್ದರೆ ಸುಮಾರು 74,000 ಲೀಟರ್. ಐದರಲ್ಲೊಂದು ಪಾಲು ನಷ್ಟ ಕಳೆದರೂ 59,000 ಲೀಟರ್ ಉಳಿಯುತ್ತದೆ. ಗಂಡ ಹೆಂಡತಿ ಇಬ್ಬರಿಗೆ ದಿನಕ್ಕೆ 200 ಲೀಟರ್ ಎಂದರೆ ಹತ್ತಿರ ಹತ್ತಿರ ಹತ್ತು ತಿಂಗಳ ಖರ್ಚು! ಮನೆ ಕಟ್ಟುವಾಗಲೇ ತೊಟ್ಟಿಗೆ ಜಾಗ ಬಿಡಿ.

ನಡೆದು ಹೋಗುವಷ್ಟು ದೂರ

ಅರವತ್ತರಲ್ಲಿ ಸ್ಕೂಟರ್ ಓಡಿಸುವವರು ಎಪ್ಪತ್ತೈದರಲ್ಲಿ ಓಡಿಸುವುದಿಲ್ಲ. ಹಾಲಿನ ಡೇರಿ, ಅಂಗಡಿ, ಬಸ್ ಸ್ಟಾಪು ಕಾಲ್ನಡಿಗೆಯಲ್ಲಿ ಸಿಗಬೇಕು. ದೂರದ ಒಂಟಿ ತೋಟದ ಮನೆ ನೋಡಲು ಚೆಂದ. ಕಾಡಂಚಿನ ಊರುಗಳಲ್ಲಿ ಆನೆ ಕಾಟವೂ ಇದೆ. ಇಬ್ಬರೇ ಇರುವವರಿಗೆ ಊರೊಳಗಿನ ಮನೆಯೇ ವಾಸಿ.

ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟಿನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಬೈಪಾಸಿನಲ್ಲಿ ಹೋಗುವ ಬಸ್ಸು ಚನ್ನಪಟ್ಟಣ ಪೇಟೆಯೊಳಗೆ ಬರುವುದಿಲ್ಲ, ಕೇಳಿ ಹತ್ತಿ.

ರಾತ್ರಿ ಎದೆನೋವು ಬಂದರೆ ಎಲ್ಲಿಗೆ ಓಡಬೇಕು? ಒಂದು ರಾತ್ರಿ ಆ ದಾರಿಯಲ್ಲಿ ಹೋಗಿ ಗಡಿಯಾರ ನೋಡಿ. ಎಪ್ಪತ್ತು ದಾಟಿದವರಿಗೆ, ಆದಾಯ ಎಷ್ಟೇ ಇರಲಿ, 2024ರಿಂದ ಆಯುಷ್ಮಾನ್ ಭಾರತ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕದ ಚಿಕಿತ್ಸೆಗೆ ಅವಕಾಶವಾಗಿದೆ. ಹತ್ತಿರದ ಯಾವ ಆಸ್ಪತ್ರೆ ಅದರಲ್ಲಿದೆ ಎಂದು ಮೊದಲೇ ತಿಳಿದಿರಲಿ.

ಕಾಗದ ಪತ್ರ

ಪಹಣಿ, ಮ್ಯುಟೇಶನ್, ಋಣಭಾರ ಪತ್ರ, 11ಇ ನಕ್ಷೆ ಇವನ್ನೆಲ್ಲ ನೋಡುವುದು ನಿಮಗೆ ಗೊತ್ತು. ಇನ್ನೊಂದು ವಿಚಾರ: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. 2023ರ ತಿದ್ದುಪಡಿಯ ನಂತರ, ಮರಳಿ ಕೊಡಿಸಿ ಎಂದು ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಆ ಜಮೀನು ಅವರ ಆಸರೆ. ಮೂಲ ಮಂಜೂರಾತಿ ಕಾಗದ ನೋಡದೆ ಮುಂಗಡ ಕೊಡಬೇಡಿ. ಸೈಟಾದರೆ ಭೂಪರಿವರ್ತನೆಯ ಆದೇಶ, ಪಂಚಾಯ್ತಿಯ ಇ-ಸ್ವತ್ತು ಕೇಳಿ.

ಊರ ತೋಟ ಮಾರುವ ಮುನ್ನ

ನನ್ನ ಮುಖ್ಯ ಮಾತು ಇದು. ಮೊದಲು ಒಂದು ವರ್ಷ ಬಾಡಿಗೆ ಮನೆಯಲ್ಲಿರಿ. ಫೆಬ್ರುವರಿಯಲ್ಲಿ ಬಂದರೆ ಬೇಸಿಗೆಯೇ ಮೊದಲು ಸಿಗುತ್ತದೆ. ನೀರು, ಸೆಕೆ, ನೆರೆಹೊರೆ, ರಾಗಿಮುದ್ದೆ, ನಮ್ಮ ಭಾಷೆಯ ಧಾಟಿ ಎಲ್ಲ ಒಗ್ಗುತ್ತದೋ ನೋಡಿ. ಅಲ್ಲಿಯ ತನಕ ನಿಮ್ಮ ತೋಟ ಲಾವಣಿಗೋ ನೆಂಟರ ಉಸ್ತುವಾರಿಗೋ ಇರಲಿ. ಇಲ್ಲಿ ಒಗ್ಗದಿದ್ದರೆ ಬಾಡಿಗೆ ಹೋಯಿತು ಅಷ್ಟೆ. ತೋಟ ಮಾರಿ ಬಂದವರಿಗೆ ಹಿಂದಿರುಗಲು ಊರೇ ಇರುವುದಿಲ್ಲ.

ಆಸ್ತಿಯನ್ನು ಮಕ್ಕಳಿಗೆ ಬರೆದುಕೊಟ್ಟು ಬರುವವರೂ ಇದ್ದಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಅಂಥವರಿಗೆ ರಕ್ಷಣೆ. ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತು ದಾನಪತ್ರದಲ್ಲಿದ್ದು, ಮಕ್ಕಳು ತಪ್ಪಿದರೆ ಅದನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ಷರತ್ತನ್ನು ಬಾಯಲ್ಲಿ ಹೇಳಿದರೆ ಸಾಲದು, ಪತ್ರದಲ್ಲೇ ಬರೆಸಿ. ಮಗನ ಮೇಲೆ ಅಪನಂಬಿಕೆ ಅಂತಲ್ಲ, ಕಾಲದ ಮೇಲೆ.

ಬಂದಮೇಲೆ ಏನು ನೆಡಬೇಕು? ಊರಿನ ನೆನಪಿಗೆಂದು ಅಡಿಕೆ ಬೇಡ, ಅದು ಬೇಸಿಗೆಯೆಲ್ಲ ನೀರು ಕೇಳುತ್ತದೆ. ಹತ್ತು ಗುಂಟೆ ಇದ್ದರೆ ನಾಲ್ಕು ತೆಂಗು, ಎರಡು ಮಾವು, ನುಗ್ಗೆ, ಕರಿಬೇವು, ಮಳೆಗಾಲಕ್ಕೆ ಒಂದಿಷ್ಟು ಅವರೆ. ಬಗ್ಗಿ ಏಳಲು ಆಗುವಷ್ಟು ಕೆಲಸ ಸಾಕು. ಅವರೆ ಸೊಗಡಿನ ಕಾಲಕ್ಕೆ ಬೀಜ ಬೇಕಿದ್ದರೆ ಪಕ್ಕದ ಮನೆಯಲ್ಲಿ ಕೇಳಿ, ಕೊಡ್ತಾರೆ.