ಸುಂಕದ ಕಟ್ಟೆಗೆ ಮೊದಲು ಒಂದು ಪಟ್ಟಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿದೆ. ಎತ್ತಿನ ಮೇಲೆ ಹೇರು ಹಾಕಿಕೊಂಡು ಊರೂರು ತಿರುಗುತ್ತಿದ್ದವರ ಅನುಭವದಿಂದ ಹುಟ್ಟಿದ ಮಾತು ಅದು. ನಮ್ಮ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರು ಸಿಗುತ್ತವೆ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಹೆಸರಿನಲ್ಲೇ ಸಂತೆಯಿದೆ. ಅಲ್ಲಿನ ಪುಷ್ಕರಣಿಯ ಮಗ್ಗುಲಲ್ಲಿ ದಾರಿಹೋಕರು ತಂಗುವ ಮುಸಾಫಿರ್‌ಖಾನೆಯಿದೆ. ಸರಕು ಹೊತ್ತು ದೂರ ಹೋಗುವುದು, ಕಟ್ಟೆಯಲ್ಲಿ ನಿಂತು ಲೆಕ್ಕ ಒಪ್ಪಿಸುವುದು ಈ ಸೀಮೆಗೆ ಹೊಸದಲ್ಲ.

ಈಗ ಕಟ್ಟೆ ಬದಲಾಗಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಗಳಿಂದ ಮಕ್ಕಳು ದುಬೈಗೆ, ಡಲ್ಲಾಸ್‌ಗೆ, ಮೆಲ್ಬರ್ನ್‌ಗೆ ಹೋಗುತ್ತಾರೆ. ಅವರ ಜೊತೆ ಪಾತ್ರೆ, ಬೀರು, ಒಡವೆ, ಕೆಲವೊಮ್ಮೆ ಸಾಕಿದ ನಾಯಿಯೂ ಹೊರಡುತ್ತದೆ. ಗಾದೆ ಹೇಳಿದ್ದು ಇಂದಿಗೂ ನಿಜ. ವಸ್ತುವಿನ ಹಿಂದಿರುವ ಅಕ್ಕರೆ ಸುಂಕದ ಅಧಿಕಾರಿಗೆ ಕಾಣುವುದಿಲ್ಲ. ಆತ ಓದುವುದು ಕಾಗದವನ್ನು. ಆ ಕಾಗದ ಹುಟ್ಟಬೇಕಾದದ್ದು ವಿಮಾನ ನಿಲ್ದಾಣದ ಸಾಲಿನಲ್ಲಲ್ಲ, ಮನೆಯ ಪಡಸಾಲೆಯಲ್ಲಿ. ಈ ಅಧ್ಯಾಯದ ತಿರುಳು ಇಷ್ಟೇ.

ಚನ್ನಗಿರಿಯಿಂದ ಸುಡಾನ್‌ಗೆ

ಚನ್ನಗಿರಿ ತಾಲ್ಲೂಕಿನಲ್ಲಿ ಹಕ್ಕಿಪಿಕ್ಕಿ ಸಮುದಾಯದ ಕುಟುಂಬಗಳಿವೆ. ವಾಗ್ರಿ ಮನೆಮಾತಿನ ಈ ಜನ ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಮಾರುತ್ತ ಆಫ್ರಿಕಾದ ದೇಶಗಳವರೆಗೂ ಹೋಗಿ ಬರುತ್ತಾರೆ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಶುರುವಾದಾಗ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡರು. ಹಲವರು ಎಲ್ ಫಾಶರ್ ನಗರದ ಬಾಡಿಗೆ ಕೋಣೆಗಳಲ್ಲಿ ಅನ್ನ ನೀರಿಗೂ ಕಷ್ಟಪಡುತ್ತ ದಿನ ದೂಡಿದರು. ಭಾರತ ಸರ್ಕಾರ 'ಆಪರೇಷನ್ ಕಾವೇರಿ' ನಡೆಸಿ, ಪೋರ್ಟ್ ಸುಡಾನ್‌ನಿಂದ ನೌಕಾಪಡೆಯ ಹಡಗು ಮತ್ತು ವಾಯುಪಡೆಯ ವಿಮಾನಗಳಲ್ಲಿ ಜನರನ್ನು ಸೌದಿಯ ಜೆಡ್ಡಾಕ್ಕೆ ದಾಟಿಸಿ, ಅಲ್ಲಿಂದ ಊರಿಗೆ ಕರೆತಂದಿತು.

ಜೀವ ಉಳಿದದ್ದೇ ದೊಡ್ಡದು, ಸಾಮಾನಿನ ಮಾತು ಆಮೇಲಿನದು. ಆದರೂ ಆ ದಿನಗಳ ಒಂದು ಸಂಗತಿ ನೆನಪಿಡಬೇಕು. ಸುಡಾನ್‌ನಿಂದ ಬೆಂಗಳೂರಿಗೆ ಬಂದಿಳಿದವರಲ್ಲಿ ಹಳದಿ ಜ್ವರದ ಲಸಿಕೆ ಪತ್ರ ಇಲ್ಲದವರನ್ನು ಪ್ರತ್ಯೇಕವಾಗಿ ಇರಿಸಿ ನಿಗಾ ವಹಿಸಬೇಕಾಯಿತು. ಯುದ್ಧದಿಂದ ಪಾರಾಗಿ ಬಂದವರ ಮುಂದೆಯೂ ಒಂದು ಕಾಗದದ ಪ್ರಶ್ನೆ ನಿಂತಿತು. ಆ ರೋಗ ಈ ನೆಲಕ್ಕೆ ಕಾಲಿಡಬಾರದೆಂಬ ಕಾಳಜಿಯಿಂದ ಬಂದ ನಿಯಮ ಅದು, ತಪ್ಪೆನ್ನಲಾಗದು. ಲಸಿಕೆ ಹಾಕಿಸಿಕೊಂಡ 10 ದಿನಗಳ ಮೇಲೆ ಆ ಪತ್ರಕ್ಕೆ ಬೆಲೆ ಬರುತ್ತದೆ, ಆಮೇಲೆ ಬದುಕಿನುದ್ದಕ್ಕೂ ನಡೆಯುತ್ತದೆ. ಹಳದಿ ಜ್ವರವಿರುವ ದೇಶಕ್ಕೆ ಹೊರಡುವವರು ಅದನ್ನು ಮಾಡಿಸಿ, ಒಂದು ಪ್ರತಿಯನ್ನು ಊರಿನ ಮನೆಯಲ್ಲಿ, ಒಂದು ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಬೇಕು. ಪಾಸ್‌ಪೋರ್ಟಿಗೂ ಸಾಮಾನಿನ ಪಟ್ಟಿಗೂ ಇದೇ ಮಾತು.

ಮನೆಯ ಸಾಮಾನೋ, ಮಾರುವ ಸರಕೋ

ಯಾವ ದೇಶದ ಸುಂಕದ ಕಟ್ಟೆಯಲ್ಲೂ ಮೊದಲು ಏಳುವ ಪ್ರಶ್ನೆ: ಇದು ನಿಮ್ಮ ಬಳಕೆಗೋ, ಮಾರಾಟಕ್ಕೋ? ನಮ್ಮ 1962ರ ಕಸ್ಟಮ್ಸ್ ಕಾಯ್ದೆಯೂ ಪ್ರಯಾಣಿಕನ ನಿಜವಾದ ಸ್ವಂತ ಸಾಮಾನಿಗೆ ಮಾತ್ರ ಬ್ಯಾಗೇಜ್ ರಿಯಾಯಿತಿ ಕೊಡುತ್ತದೆ. ತನ್ನ ಬ್ಯಾಗೇಜ್‌ನಲ್ಲಿ ಏನಿದೆ ಎಂದು ಘೋಷಿಸುವ ಹೊಣೆ ಆ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಾಲೀಕನದೇ.

ಎರಡು ಬಾಟಲಿ ಎಣ್ಣೆ ಮನೆ ಸಾಮಾನು. ಒಂದೇ ಬಗೆಯ ಐವತ್ತು ಬಾಟಲಿ ಎಂದರೆ ಅಧಿಕಾರಿಯ ಕಣ್ಣಿಗೆ ಅದು ವ್ಯಾಪಾರದ ಸರಕು. ಅದಕ್ಕೆ ಬಿಲ್ಲು, ರಫ್ತಿನ ದಾಖಲೆ, ಹೋಗುವ ದೇಶದ ಆಮದು ಅನುಮತಿ ಎಲ್ಲವೂ ಬೇಕು. ಔಷಧಿ ಎಂದು ಮಾರುವುದಾದರೆ ಆ ದೇಶದ ಔಷಧ ಕಾನೂನೂ ಅಡ್ಡ ಬರುತ್ತದೆ. ದುಡಿಮೆಗೆ ಹೋಗುವ ಬಡವರು ಹೆಚ್ಚು ಪೆಟ್ಟು ತಿನ್ನುವುದು ಇಲ್ಲೇ. ಅವರಿಗೆ ಇದನ್ನು ಊರಿನಲ್ಲೇ, ಅವರ ಮಾತಿನಲ್ಲೇ ತಿಳಿಸಿ ಹೇಳುವವರು ಬೇಕು.

ಹೊರಡುವಾಗ ನಮ್ಮ ಬಾಗಿಲಲ್ಲಿ

ಹೊರಗೆ ಒಯ್ಯುವುದಕ್ಕೆ ಯಾರ ಅಡ್ಡಿ ಎಂದು ಹಲವರು ತಿಳಿಯುತ್ತಾರೆ. ಅಡ್ಡಿಯಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಕುಸುರಿ ವಸ್ತುಗಳು ಪ್ರಾಚ್ಯವಸ್ತುಗಳು. ಸಾಹಿತ್ಯ, ಇತಿಹಾಸ, ಶಾಸ್ತ್ರದ ಮಹತ್ವವುಳ್ಳ ಹಸ್ತಪ್ರತಿಗಾದರೆ 75 ವರ್ಷ ಸಾಕು. ಇವನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಕ್ಷೇತ್ರ. ಹಿಂದೆ ಉಪ್ಪು, ಧಾನ್ಯಗಳನ್ನು ಎತ್ತಿನ ಮೇಲೆ ಹೇರಿ ನಾಡಿನುದ್ದಕ್ಕೂ ಸಾಗಿಸಿದವರು ಲಂಬಾಣಿಗಳು. ಅವರ ಮನೆಯ ಹೆಣ್ಣುಮಗಳು ಅಜ್ಜಿಯ ಕಸೂತಿ ಲಂಗವನ್ನು ಹೊರದೇಶಕ್ಕೆ ಒಯ್ಯಲು ಹೊರಟಳೆನ್ನಿ. ಲಂಗದಲ್ಲಿ ಕನ್ನಡಿ ಚೂರುಗಳಿವೆ, ಕವಡೆಗಳಿವೆ, ಅಂಚಿನಲ್ಲಿ ಹೊಲಿದ ಹಳೆಯ ಬೆಳ್ಳಿ ನಾಣ್ಯಗಳಿವೆ. ನಾಣ್ಯವನ್ನು ಬೆಳಕಿಗೆ ಹಿಡಿದು ಅದರ ಇಸವಿ ಓದಬೇಕು. ನೂರು ವರ್ಷ ದಾಟಿದ್ದರೆ ಅದು ಮನೆಯಲ್ಲೇ ಉಳಿಯಬೇಕು. ಅನುಮಾನವಿದ್ದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ 'ಪ್ರಾಚ್ಯವಸ್ತು ಅಲ್ಲ' ಎಂಬ ಪ್ರಮಾಣಪತ್ರ ಪಡೆಯಬಹುದು. ದೇವರ ಕೋಣೆಯ ಹಳೆಯ ಪಂಚಲೋಹದ ಮೂರ್ತಿ, ಅಟ್ಟದ ಮೇಲಿನ ತಾಳೆಗರಿ ಕಟ್ಟಿಗೂ ಇದೇ ನಿಯಮ. ನವಿಲುಗರಿ, ಗಂಧದ ಕೊರಡು, ಕಾಡುಪ್ರಾಣಿಯ ಕೊಂಬು, ಉಗುರುಗಳನ್ನು ಪೆಟ್ಟಿಗೆಯ ಹತ್ತಿರವೂ ತರಬಾರದು.

ಒಡವೆಯ ವಿಷಯದಲ್ಲಿ ಜನ ಮರೆಯುವ ಒಂದು ಕೆಲಸವಿದೆ. ಮೈಮೇಲಿನ ಚಿನ್ನ ಹೊರಗೆ ಹೋಗಿ ಮತ್ತೆ ಒಳಗೆ ಬರುವಾಗ, ಅದು ಇಲ್ಲಿಂದಲೇ ಹೋದದ್ದು ಎಂದು ತೋರಿಸಬೇಕಾಗಬಹುದು. ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಒಡವೆ ತೋರಿಸಿ 'ಎಕ್ಸ್‌ಪೋರ್ಟ್ ಸರ್ಟಿಫಿಕೇಟ್' ಬರೆಸಿಕೊಂಡರೆ ಹಿಂದಿರುಗುವಾಗ ನೆಮ್ಮದಿ. ತೂಕದ ಚೀಟಿ ಮತ್ತು ಒಡವೆಯ ಫೋಟೊ ಜೊತೆಗಿದ್ದರೆ ಕೆಲಸ ಸುಲಭ. ದುಬಾರಿ ಕ್ಯಾಮೆರಾದಂಥ ವಸ್ತುವಿಗೂ ಇದು ಸಲ್ಲುತ್ತದೆ.

ಆ ಕಡೆಯ ಬಾಗಿಲಲ್ಲಿ

ಬಳಸಿದ ಮನೆ ಸಾಮಾನಿಗೆ ಬಹುತೇಕ ದೇಶಗಳು ಸುಂಕ ಬಿಡುತ್ತವೆ, ಆದರೆ ಪ್ರತಿಯೊಂದಕ್ಕೂ ಅದರದೇ ಅಳತೆ. ಅಮೆರಿಕದಲ್ಲಿ ಒಂದು ವರ್ಷ ಬಳಸಿದ ಗೃಹೋಪಯೋಗಿ ಸಾಮಾನಿಗೆ ಸುಂಕವಿಲ್ಲ. ಹಿಂದಿನಿಂದ ಬರುವ ಪೆಟ್ಟಿಗೆಗಳಿಗೆ 3299ನೇ ನಮೂನೆ ತುಂಬಬೇಕು. ಬ್ರಿಟನ್ನಿನಲ್ಲಿ ನೆಲೆ ಬದಲಾವಣೆಯ ರಿಯಾಯಿತಿ ಬೇಕೆಂದರೆ 12 ತಿಂಗಳು ಆ ದೇಶದ ಹೊರಗೆ ವಾಸವಾಗಿರಬೇಕು, ಸಾಮಾನು 6 ತಿಂಗಳಾದರೂ ನಿಮ್ಮ ಬಳಕೆಯಲ್ಲಿರಬೇಕು. ಅರ್ಜಿಯನ್ನು ಮೊದಲೇ ಹಾಕುವುದು ಲೇಸು. ಕೆನಡಾದ್ದು ಇನ್ನೂ ಸೂಕ್ಷ್ಮ. ನೆಲೆಸಲು ಮೊದಲ ಸಲ ಕಾಲಿಟ್ಟ ದಿನವೇ, ಜೊತೆಗೆ ತಂದದ್ದಷ್ಟೇ ಅಲ್ಲ, ಮುಂದೆ ಬರಲಿರುವ ಸಾಮಾನಿನ ಪಟ್ಟಿಯನ್ನೂ ಒಪ್ಪಿಸಬೇಕು. ಅಂದು ಬಿಟ್ಟುಹೋದ ವಸ್ತುವಿಗೆ ಆಮೇಲೆ ರಿಯಾಯಿತಿ ಕೇಳುವುದು ಕಷ್ಟ.

ಪೆಟ್ಟಿಗೆಯ ಮರಕ್ಕೂ ನಿಯಮವಿದೆ. ಹಸಿ ಮರದಲ್ಲಿ ಹುಳು ಸಾಗಿ ಬೇರೆ ನೆಲದ ಕಾಡು ಹಾಳಾಗಬಾರದೆಂದು ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ಕಾಯಿಸಿ ಸಿದ್ಧಪಡಿಸುವ ವಿಧಾನದಲ್ಲಿ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇರಬೇಕು, ಪೆಟ್ಟಿಗೆಯ ಮೇಲೆ ಅದರ ಮುದ್ರೆ ಇರಬೇಕು. ಊರಿನ ಬಡಗಿ ಹೊಡೆದುಕೊಟ್ಟ ಪೆಟ್ಟಿಗೆ ಎಷ್ಟೇ ಗಟ್ಟಿಯಿದ್ದರೂ ಮುದ್ರೆಯಿಲ್ಲದೆ ದಾಟದು. ಗಾಜಿನ ಸಾಮಾನಿಗೆ ಭತ್ತದ ಹುಲ್ಲು ಸುತ್ತುವ ನಮ್ಮ ಪದ್ಧತಿಯನ್ನೂ ಇಲ್ಲಿ ಬಿಡಬೇಕು.

ತಿನ್ನುವ ಪದಾರ್ಥಗಳಲ್ಲಿ ಅಮ್ಮಂದಿರು ಮುಖ್ಯವಾಗಿ ನೆನಪಿಡಬೇಕಾದದ್ದು ಗಸಗಸೆ. ನಮಗೆ ಅದು ಹಬ್ಬದ ಪಾಯಸ. ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಅದು ಅಫೀಮು ಗಿಡದ ಬೀಜ, ನಿಷಿದ್ಧ ವಸ್ತು. ಅರಿಯದೆ ಒಯ್ದವನೂ ಸೆರೆಮನೆ ಕಾಣಬಹುದು. ಹಸಿ ಕರಿಬೇವನ್ನು ಅಮೆರಿಕ ಒಳಗೆ ಬಿಡುವುದಿಲ್ಲ. ನಿಂಬೆ, ಕಿತ್ತಳೆ ತೋಟಗಳಿಗೆ ರೋಗ ಹರಡುವ ಕೀಟ ಆ ಎಲೆಯಲ್ಲಿ ಅಡಗಿರುತ್ತದೆ. ತೋಟದ ರೋಗ ಏನು ಮಾಡುತ್ತದೆ ಎಂಬುದನ್ನು ಅಡಿಕೆ ಬೆಳೆಯುವ ಚನ್ನಗಿರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ ಬೀಜ, ತುಪ್ಪ, ಮರದ ವಸ್ತು ಏನೇ ಇದ್ದರೂ ಇಳಿಯುವಾಗ ಕೊಡುವ ಚೀಟಿಯಲ್ಲಿ ಬರೆಯಬೇಕು. ಬರೆದು ತೋರಿಸಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಗಾಡಿಯ ಮಾತು

ಕಾರು, ಬೈಕುಗಳನ್ನು ಒಯ್ಯುವುದು ಬಹುಪಾಲು ಲಾಭದ ಕೆಲಸವಲ್ಲ. ನಮ್ಮ ವಾಹನಗಳ ಸ್ಟೀರಿಂಗ್ ಬಲಕ್ಕಿದೆ, ಅಮೆರಿಕ ಮತ್ತು ಕೊಲ್ಲಿ ದೇಶಗಳಲ್ಲಿ ಎಡಕ್ಕಿದೆ. ಅಮೆರಿಕದಲ್ಲಿ 25 ವರ್ಷ ತುಂಬದ ವಾಹನ ಅಲ್ಲಿನ ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ಇರಲೇಬೇಕು. ಪ್ರವಾಸಕ್ಕೆ ಒಯ್ದು ಮರಳಿ ತರುವುದಾದರೆ 'ಕಾರ್ನೆಟ್' ಎಂಬ ದಾಖಲೆ ಸಹಾಯಕ್ಕೆ ಬರುತ್ತದೆ. ಅದು ವಾಹನಕ್ಕೆ ಪಾಸ್‌ಪೋರ್ಟ್ ಇದ್ದಂತೆ. ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಅದನ್ನು ಕೊಡುತ್ತದೆ, ಭದ್ರತಾ ಠೇವಣಿ ಕೇಳುತ್ತದೆ. ಪ್ರತಿ ಗಡಿಯಲ್ಲೂ ಒಳಹೋದ, ಹೊರಬಂದ ಮುದ್ರೆ ಬೀಳಬೇಕು. ಒಂದು ಮುದ್ರೆ ತಪ್ಪಿದರೂ ವಾಹನವನ್ನು ಅಲ್ಲೇ ಮಾರಿದಿರೆಂದು ಬಗೆದು ಸುಂಕ ಕೇಳಬಹುದು.

ಹೊರಗಿನಿಂದ ಕಾರು ತರುವವರಿಗೂ ಕಟ್ಟಳೆಗಳಿವೆ. 2 ವರ್ಷ ಎಡೆಬಿಡದೆ ಹೊರದೇಶದಲ್ಲಿದ್ದು ನೆಲೆಸಲು ಬರುತ್ತಿರಬೇಕು, ಕಾರು ಅಲ್ಲಿ ಒಂದು ವರ್ಷವಾದರೂ ಅವರ ವಶದಲ್ಲಿರಬೇಕು, ಸ್ಟೀರಿಂಗ್ ಬಲಕ್ಕಿರಬೇಕು. ಸುಂಕವೂ ಭಾರಿ. ಅಕ್ಕರೆಯ ಕಾರಾದರೂ ಅಲ್ಲೇ ಮಾರಿ ಬರುವುದು ಜಾಣತನ.

ನಾಯಿಯ ಪ್ರಯಾಣಕ್ಕೆ ಅರ್ಧ ವರ್ಷದ ಸಿದ್ಧತೆ

ಮನೆಯ ನಾಯಿಯನ್ನು ಬಿಟ್ಟುಹೋಗಲು ಮನಸ್ಸು ಬಾರದಿರುವುದು ಸಹಜ. ಆದರೆ ಅದರ ಕೆಲಸವನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಬೇಕು. ಭಾರತದಲ್ಲಿ ರೇಬೀಸ್ ಇನ್ನೂ ಇರುವುದರಿಂದ ಹೊರದೇಶಗಳು ನಮ್ಮ ನಾಯಿಗಳನ್ನು ಹೆಚ್ಚು ಎಚ್ಚರದಿಂದ ನೋಡುತ್ತವೆ.

ಮೊದಲು ಮೈಕ್ರೊಚಿಪ್. ಅಕ್ಕಿ ಕಾಳಿನಷ್ಟು ಚಿಕ್ಕದು. ವೈದ್ಯರು ಹೆಗಲುಗಳ ನಡುವೆ ಚರ್ಮ ಎತ್ತಿ ಹಿಡಿದು ಸೂಜಿಯಿಂದ ಒಳಗಿಡುತ್ತಾರೆ. ಮೇಲೆ ಸ್ಕ್ಯಾನರ್ ಆಡಿಸಿದರೆ 15 ಅಂಕಿಗಳು ಮೂಡುತ್ತವೆ. ಆ ಅಂಕಿಗಳೇ ನಾಯಿಯ ಗುರುತು. ರೇಬೀಸ್ ಲಸಿಕೆ ಹಾಕಿಸುವುದು ಆಮೇಲೆ. ಕ್ರಮ ತಿರುಗಾಮುರುಗಾ ಆದರೆ ಆ ಲಸಿಕೆ ಲೆಕ್ಕಕ್ಕಿಲ್ಲ, ಮತ್ತೊಮ್ಮೆ ಹಾಕಿಸಬೇಕು. ಯೂರೋಪ್ ಒಕ್ಕೂಟಕ್ಕೆ ಹೋಗುವುದಾದರೆ ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆದು, ರೋಗನಿರೋಧಕ ಶಕ್ತಿ ಸಾಕಷ್ಟಿದೆಯೇ ಎಂದು ಒಪ್ಪಿತ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ಅಮೆರಿಕ 2024ರ ಆಗಸ್ಟ್ 1ರಿಂದ ಕಟ್ಟಳೆ ಬಿಗಿ ಮಾಡಿದೆ. ನಾಯಿಗೆ 6 ತಿಂಗಳು ತುಂಬಿರಬೇಕು, ಚಿಪ್ ಇರಬೇಕು, ಮೊದಲೇ ಅರ್ಜಿ ತುಂಬಿರಬೇಕು. ಆಸ್ಟ್ರೇಲಿಯಾಕ್ಕೆ ಭಾರತದಿಂದ ನಾಯಿಯನ್ನು ನೇರ ಒಯ್ಯುವಂತೆಯೇ ಇಲ್ಲ.

ಕೊನೆಗೆ ಕೇಂದ್ರ ಸರ್ಕಾರದ ಪ್ರಾಣಿ ಸಂಪರ್ಕನಿಷೇಧ ಮತ್ತು ಪ್ರಮಾಣೀಕರಣ ಸೇವೆಯ ಪತ್ರ ಬೇಕು. ಆ ಕಚೇರಿ ಬೆಂಗಳೂರಿನಲ್ಲೂ ಇದೆ. ಇನ್ನು ಪಂಜರದ ಗಿಳಿ, ನಕ್ಷತ್ರ ಆಮೆಗಳ ಮಾತು ಬೇರೆ. ನಮ್ಮ ಕಾಡಿನ ಗಿಳಿಯನ್ನು ಸಾಕುವುದೇ ವನ್ಯಜೀವಿ ಕಾಯ್ದೆಯಡಿ ಅಪರಾಧ, ಒಯ್ಯುವ ಪ್ರಶ್ನೆಯೇ ಇಲ್ಲ.

ಮರಳಿ ಬರುವಾಗ

ಹೊರಗೆ ಎಷ್ಟು ಕಾಲ ಇದ್ದಿರೋ ರಿಯಾಯಿತಿ ಅಷ್ಟು ಹಿಗ್ಗುತ್ತದೆ. 2016ರ ಏಪ್ರಿಲ್ 1ರಂದು ಜಾರಿಗೆ ಬಂದ ಬ್ಯಾಗೇಜ್ ನಿಯಮಗಳಲ್ಲಿ 3 ತಿಂಗಳು, 6 ತಿಂಗಳು, 1 ವರ್ಷ, 2 ವರ್ಷ ಎಂದು ಮೆಟ್ಟಿಲುಗಳನ್ನು ಹಾಕಲಾಗಿತ್ತು. 2 ವರ್ಷ ಇದ್ದು ನೆಲೆ ಬದಲಿಸಿ ಬರುವವರಿಗೆ 5 ಲಕ್ಷ ರೂಪಾಯಿವರೆಗಿನ ಮನೆ ಸಾಮಾನಿಗೆ ಸುಂಕವಿರಲಿಲ್ಲ. ವರ್ಷ ಮೀರಿ ಹೊರಗಿದ್ದ ಮಹಿಳೆಗೆ 40 ಗ್ರಾಂ, ಪುರುಷನಿಗೆ 20 ಗ್ರಾಂ ಒಡವೆಯ ಅವಕಾಶವನ್ನೂ ಅದು ಕೊಟ್ಟಿತ್ತು. ಇಂಥ ಮೊತ್ತಗಳನ್ನು ಸರ್ಕಾರ ಕಾಲಕಾಲಕ್ಕೆ ಬದಲಿಸುತ್ತದೆ. ಹೊರಡುವ ತಿಂಗಳಲ್ಲಿ ಯಾವ ಅಂಕಿ ಜಾರಿಯಲ್ಲಿದೆ ಎಂದು ಕಸ್ಟಮ್ಸ್ ಇಲಾಖೆಯ ಪ್ರಕಟಣೆಯಲ್ಲೇ ನೋಡಬೇಕು, ನೆಂಟರ ಬಾಯಿಮಾತನ್ನು ನಂಬಿ ಕೂರಬಾರದು.

ಪಟ್ಟಿ ಬರೆಯುವ ಬಗೆ

ಒಂದು ನೂರು ಪುಟದ ನೋಟುಬುಕ್ ಸಾಕು. ಪೆಟ್ಟಿಗೆಗೊಂದು ಪುಟ, ಪೆಟ್ಟಿಗೆಯ ಮೇಲಿನ ಅಂಕಿಯೇ ಪುಟದ ತಲೆಯ ಮೇಲೂ ಇರಲಿ. 'ಪಾತ್ರೆ' ಎಂದಷ್ಟೇ ಬರೆದರೆ ಅಧಿಕಾರಿ ಪೆಟ್ಟಿಗೆ ಬಿಚ್ಚಿಸಬೇಕಾಗುತ್ತದೆ. 'ಸ್ಟೀಲ್ ಪಾತ್ರೆ, 14, ಬಳಸಿದ್ದು, 2019ರಲ್ಲಿ ಕೊಂಡದ್ದು, ಈಗಿನ ಮೌಲ್ಯ 2,000 ರೂ.' ಎಂದು ಬರೆದರೆ ಆತ ಕೇಳಬಹುದಾದ ಎಲ್ಲ ಪ್ರಶ್ನೆಗೂ ಉತ್ತರ ಒಂದೇ ಸಾಲಿನಲ್ಲಿದೆ. ವಿದ್ಯುತ್ ಉಪಕರಣವಾದರೆ ಅದರ ಸೀರಿಯಲ್ ನಂಬರ್ ಸೇರಿಸಿ. ಹೋಗುವ ದೇಶಕ್ಕೆ ಬೇಕಾದ ಇಂಗ್ಲಿಷ್ ಪ್ರತಿಯನ್ನು ಓದುವ ಮಕ್ಕಳು ಬರೆದುಕೊಡಲಿ, ಮನೆಯ ಹಿರಿಯರು ಪಕ್ಕದಲ್ಲಿ ಕೂತು ಯಾವುದು ಯಾವಾಗ ಕೊಂಡದ್ದೆಂದು ಹೇಳಲಿ.

ಹಾಗೆ ಕೂತು ಬರೆಯುವ ಸಂಜೆಯಲ್ಲೇ ಯಾವುದು ಹೋಗಬೇಕು, ಯಾವುದು ಉಳಿಯಬೇಕು ಎಂಬುದೂ ತೀರ್ಮಾನವಾಗುತ್ತದೆ. ಗಸಗಸೆಯ ಡಬ್ಬಿ ಅಡುಗೆಮನೆಗೆ ಮರಳುತ್ತದೆ, ಅಜ್ಜಿಯ ನಾಣ್ಯ ಅವಳ ಪೆಟ್ಟಿಗೆಗೆ ಮರಳುತ್ತದೆ. ನೋಟುಬುಕ್ಕಿನ ಒಂದು ಪ್ರತಿ ಸಾಮಾನಿನ ಜೊತೆ ಹೊರಡಲಿ, ಇನ್ನೊಂದು ಊರಿನ ಬೀರುವಿನಲ್ಲಿರಲಿ. ಹೋದ ಮಗ ಮಗಳು ಎಂದೋ ಒಂದು ದಿನ ಸಂಸಾರ ಸಮೇತ ಸಂತೇಬೆನ್ನೂರಿಗೆ ಮರಳುವಾಗ, ಆ ಹಳೆಯ ಪುಟಗಳೇ ಮತ್ತೆ ಅವರ ಪರವಾಗಿ ಮಾತಾಡುತ್ತವೆ.