ಬೆಟ್ಟದ ಮೇಲೆ ಗುಡಿ, ಬೆಟ್ಟದ ಸುತ್ತ ಕೋಟೆ: ಹೊಸಪೇಟೆ ಸೀಮೆಯ ನಾಲ್ಕು ನೆಲೆಗಳು

ಹೊಸಪೇಟೆಗೆ ಬಂದಿಳಿಯುವ ಪ್ರವಾಸಿಗರಲ್ಲಿ ಬಹುಪಾಲು ಜನ ಹಂಪಿಯ ಕಲ್ಲಿನ ರಥವನ್ನೂ ವಿರೂಪಾಕ್ಷನನ್ನೂ ನೋಡಿ ಅದೇ ಸಂಜೆ ಮರಳುತ್ತಾರೆ. ಸುಮಾರು 30 ಕಿ.ಮೀ. ದೂರದ ಸಂಡೂರು, ಅಷ್ಟೇ ದೂರದ ಕಂಪ್ಲಿ ಅವರ ಪಟ್ಟಿಯಲ್ಲಿರುವುದಿಲ್ಲ. ಆದರೆ ವಿಜಯನಗರ ಹುಟ್ಟುವ ಮುನ್ನಿನ ಕಥೆ ಹರಡಿಕೊಂಡಿರುವುದು ಈ ಊರುಗಳ ಗುಡ್ಡಗಳಲ್ಲಿ ಹಾಗೂ ಕೋಟೆಗಳಲ್ಲಿಯೇ. ಇವನ್ನು ಒಟ್ಟಾಗಿ ನೋಡಿದಾಗ ಮಾತ್ರ ತುಂಗಭದ್ರೆಯ ತೀರದಲ್ಲೇ ಏಕೆ ಒಂದು ಮಹಾರಾಜ್ಯ ತಲೆಯೆತ್ತಿತು ಎಂಬುದು ಅರ್ಥವಾಗುತ್ತದೆ.

ಆಡಳಿತದ ಲೆಕ್ಕದಲ್ಲಿ ಈ ಸೀಮೆ ಇಂದು ಒಂದಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ಅದರ ಕೇಂದ್ರವಾಯಿತು. ಹಂಪಿ ಅದರೊಳಗೆ ಸೇರಿತು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ನದಿಯಾಚೆಯ ಆನೆಗೊಂದಿ, ಅಂಜನಾದ್ರಿಗಳು ಕೊಪ್ಪಳ ಜಿಲ್ಲೆಗೆ ಸೇರಿವೆ. ಇತಿಹಾಸಕ್ಕೆ ಮಾತ್ರ ಈ ಗಡಿಗಳಿಲ್ಲ.

ಕಂಪಿಲರಾಯನ ಜಾಡು

ಈ ನೆಲೆಗಳನ್ನೆಲ್ಲ ಬೆಸೆಯುವ ಎಳೆ ಕಂಪಿಲಿ ರಾಜ್ಯದ್ದು. 13ನೇ ಶತಮಾನದ ಕೊನೆಯ ಭಾಗದಲ್ಲಿ ಮುಮ್ಮಡಿ ಸಿಂಗೆಯ ನಾಯಕ ಇಲ್ಲಿ ತಲೆಯೆತ್ತಿದ. ಅವನ ಮಗನೇ ಕಂಪಿಲರಾಯ, ಮೊಮ್ಮಗ ಕುಮಾರರಾಮ. ಈ ಮನೆತನದ ಹೊಸಮಲೆದುರ್ಗವನ್ನು ಹಲವು ಇತಿಹಾಸಕಾರರು ಸಂಡೂರು ಬೆಟ್ಟಸಾಲಿನ ಈಗಿನ ರಾಮಗಡವೆಂದು ಗುರುತಿಸಿದ್ದಾರೆ. ಮತ್ತೊಂದು ನೆಲೆಯಾದ ಕುಮ್ಮಟದುರ್ಗ ನದಿಯಾಚೆ ಗಂಗಾವತಿ ಕಡೆಗಿದೆ. ದೆಹಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಷಾಸ್ಪನಿಗೆ ಆಶ್ರಯವಿತ್ತ ಕಾರಣಕ್ಕೆ ಸುಲ್ತಾನನ ಸೇನೆ ಕಂಪಿಲಿಯ ಮೇಲೆ ಬಿದ್ದಿತು. 1327ರ ಹೊತ್ತಿಗೆ ಕಂಪಿಲರಾಯ ಹೋರಾಡುತ್ತ ಮಡಿದ. ಇದಾದ ಒಂದು ದಶಕದೊಳಗೆ ಅದೇ ನೆಲದಲ್ಲಿ ವಿಜಯನಗರ ತಲೆಯೆತ್ತಿತು. ಕುಮಾರರಾಮ ಜನಪದದಲ್ಲಿ ದೇವರಾಗಿ ಉಳಿದ.

ಹಂಪಿ: ಗುಡಿಗೊಂದು ಗುಡ್ಡ

ಹಂಪಿಯ ಹೇಮಕೂಟವನ್ನೇರಿದರೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ಶಿಖರಗಳ ಪುಟ್ಟ ಗುಡಿಗಳು ಕಾಣುತ್ತವೆ. ಇವನ್ನು ಜೈನ ಬಸದಿಗಳೆಂದು ತಪ್ಪಾಗಿ ಭಾವಿಸುವವರು ಈಗಲೂ ಇದ್ದಾರೆ. ವಾಸ್ತವವಾಗಿ ಇವು ಶೈವ ಗುಡಿಗಳು; ಹಲವು ವಿಜಯನಗರಕ್ಕಿಂತ ಹಿಂದಿನವು. ಇಲ್ಲಿನ ಒಂದು ತ್ರಿಕೂಟ ದೇಗುಲದಲ್ಲಿ ಕಂಪಿಲರಾಯನ ಶಾಸನವೇ ಇದೆ. ಹಂಪಿಯ ಸುತ್ತಿನ ಅತಿ ಎತ್ತರದ ಮತಂಗ ಪರ್ವತದ ನೆತ್ತಿಯಲ್ಲಿ ವೀರಭದ್ರನ ಗುಡಿಯಿದ್ದರೆ, ಮಾಲ್ಯವಂತದಲ್ಲಿ ರಘುನಾಥನ ದೇವಾಲಯವಿದೆ. ಬುಕ್ಕಸಾಗರ–ಕಡೆಬಾಗಿಲು ಸೇತುವೆ ದಾಟಿ ಹೋದರೆ ಸುಮಾರು 575 ಮೆಟ್ಟಿಲುಗಳ ಅಂಜನಾದ್ರಿ ಸಿಗುತ್ತದೆ. ಈ ಬೆಟ್ಟಗಳಿಗೆಲ್ಲ ರಾಮಾಯಣದ ಕಿಷ್ಕಿಂಧೆಯ ನಂಟನ್ನು ಜನ ಕಟ್ಟಿದ್ದಾರೆ.

ಭಕ್ತರಿಗೆ ತೀರ್ಥವಾದ ಬೆಟ್ಟವೇ ಅರಸರಿಗೆ ಕಾವಲು ನೆಲೆಯೂ ಆಯಿತು. ಉತ್ತರಕ್ಕೆ ತುಂಗಭದ್ರೆ, ಉಳಿದೆಡೆ ಬಂಡೆಗಳ ಸಾಲು; ಇವುಗಳ ನಡುವಿನ ತೆರಪುಗಳನ್ನು ಮುಚ್ಚಿದರೆ ಕೋಟೆ ಸಿದ್ಧ. ಹಂಪಿಯ ಗೋಡೆಗಳು ಗುಡ್ಡದಿಂದ ಗುಡ್ಡಕ್ಕೆ ಹರಿಯುವುದು ಈ ಕಾರಣಕ್ಕೆ. ಬಂಡೆಯಲ್ಲಿ ಸಾಲು ತೂತು ಕೊರೆದು, ಬೆಣೆ ಹೊಡೆದು ಸೀಳಿದ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಲಾಗಿದೆ. ಒಳಭಾಗದಲ್ಲಿ ಮಣ್ಣು ಹಾಗೂ ಜಲ್ಲಿಯ ತುಂಬುವಿಕೆ ಇದೆ. ಭೀಮನ ಬಾಗಿಲಿನಂಥ ಕಡೆ ದಾರಿ ನೇರವಾಗಿ ಒಳಹೋಗದೆ ತಿರುಗುತ್ತದೆ. ವೇಗವಾಗಿ ನುಗ್ಗಿಬರುವ ಆನೆ, ಕುದುರೆಗಳ ಓಟ ಆ ತಿರುವಿನಲ್ಲಿ ಮುರಿಯಬೇಕೆಂಬುದು ಇದರ ಉದ್ದೇಶ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಒಂದರೊಳಗೊಂದು ಏಳು ಸುತ್ತಿನ ಕೋಟೆಯನ್ನು ವರ್ಣಿಸಿದ್ದಾನೆ.

ಸಂಡೂರು: ಕುಮಾರಸ್ವಾಮಿಯ ಬೆಟ್ಟ

ಸಂಡೂರು ಬೆಟ್ಟಗಳ ಬಟ್ಟಲಿನಲ್ಲಿ ಕುಳಿತ ಊರು. ಬೆಟ್ಟಸಾಲನ್ನು ಸೀಳಿಕೊಂಡು ನಾರಿಹಳ್ಳ ಹರಿಯುವ ಭೀಮಗಂಡಿ, ಉಬ್ಬಲಗಂಡಿಗಳೇ ಇದರ ಸಹಜ ಹೆಬ್ಬಾಗಿಲುಗಳು. ಊರಿನಿಂದ ಹತ್ತು ಹನ್ನೆರಡು ಕಿ.ಮೀ. ದೂರದ ಕಾಡಿನ ನಡುವೆ ಕುಮಾರಸ್ವಾಮಿ ದೇವಾಲಯವಿದೆ. ಪಕ್ಕದ ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಹಂಪಿಯ ಮಹಾಗೋಪುರಗಳಿಗಿಂತ ಅನೇಕ ಶತಮಾನ ಹಳೆಯದು. 1930ರ ದಶಕದಲ್ಲಿ ಘೋರ್ಪಡೆ ಅರಸರು ಈ ದೇವಾಲಯವನ್ನು ದಲಿತರಿಗೆ ತೆರೆದರು; ಗಾಂಧೀಜಿ 1934ರಲ್ಲಿ ಸಂಡೂರಿಗೆ ಬಂದಿದ್ದರು. ಕುಮಾರಸ್ವಾಮಿಯ ಗುಡಿಯೊಳಗೆ ಸ್ತ್ರೀಯರಿಗೆ ಪ್ರವೇಶವಿಲ್ಲವೆಂಬ ಸಂಪ್ರದಾಯ ಬಹುಕಾಲದಿಂದ ನಡೆದುಬಂದಿದ್ದು, ಕುಟುಂಬ ಸಮೇತ ಹೊರಡುವವರು ಇದನ್ನು ಮೊದಲೇ ಅರಿತಿರುವುದು ಒಳಿತು.

ಸಮೀಪದ ಕೃಷ್ಣಾನಗರದ ಕೋಟೆ 18ನೇ ಶತಮಾನದ್ದು. ಹೈದರಾಲಿ ಆರಂಭಿಸಿದ ಕಟ್ಟಡವನ್ನು ಟಿಪ್ಪು ಪೂರೈಸಿದ. ಸಮುದ್ರಮಟ್ಟದಿಂದ 3,200 ಅಡಿಗೂ ಮೇಲಿರುವ ರಾಮಗಡದಲ್ಲಿ ಬ್ರಿಟಿಷರು ತಮ್ಮ ಸೈನಿಕರಿಗಾಗಿ ಆರೋಗ್ಯಧಾಮ ನಡೆಸಿದ್ದರು.

ಕಂಪ್ಲಿ: ಹೊಳೆದಂಡೆಯ ಕೋಟೆ

ಕಂಪ್ಲಿಯ ಕೋಟೆಗೆ ಬೆಟ್ಟದ ಆಸರೆಯಿಲ್ಲ. ತುಂಗಭದ್ರೆಯೇ ಅದರ ಕಂದಕ. 11ನೇ ಶತಮಾನದಲ್ಲಿ ಇಲ್ಲಿದ್ದ ಚಾಲುಕ್ಯರ ಅರಮನೆಯನ್ನು ನಾಶಪಡಿಸಿದೆವೆಂದು ಚೋಳ ರಾಜಾಧಿರಾಜನ ಶಾಸನಗಳು ಹೇಳಿಕೊಳ್ಳುತ್ತವೆ. ಅಂದರೆ ಆಗಲೇ ಇದು ಶತ್ರುವಿನ ಕಣ್ಣಿಗೆ ಬೀಳುವಷ್ಟು ಹಿರಿದಾದ ನೆಲೆಯಾಗಿತ್ತು. ಕೋಟೆ ಪ್ರದೇಶದಲ್ಲಿ ಪಂಪಾಪತಿಯ ಗುಡಿಯಿದೆ. ಇದು ಕಾವಲುಗಾರರು ಕಾಯುವ ಸ್ಮಾರಕವಲ್ಲ, ಜನ ಬಾಳುತ್ತಿರುವ ಊರು. ಮಳೆಗಾಲದಲ್ಲಿ ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಆದ್ದರಿಂದ ವಿಚಾರಿಸಿಯೇ ಹೊರಡಬೇಕು.

ಉಳಿಯುವುದು ಯಾವುದು?

ಹಂಪಿಗೆ 1986ರಿಂದ ವಿಶ್ವಪರಂಪರೆಯ ಮನ್ನಣೆಯಿದೆ. ಅಲ್ಲಿಯೂ ಕಲ್ಲು ಅಭೇದ್ಯವಲ್ಲ. 2019ರಲ್ಲಿ ಯುವಕರು ಕಂಬಗಳನ್ನು ಉರುಳಿಸಿದ ದೃಶ್ಯ ಹರಿದಾಡಿ ನಾಡು ಬೆಚ್ಚಿತು. ಹೊಸಪೇಟೆಯ ನ್ಯಾಯಾಲಯ ದಂಡ ವಿಧಿಸಿ, ಅವರ ಕೈಯಲ್ಲೇ ಕಂಬ ನಿಲ್ಲಿಸಿತು. 2024ರ ಮೇ ತಿಂಗಳಲ್ಲಿ ಮಳೆಗೆ ವಿರೂಪಾಕ್ಷ ದೇಗುಲದ ಮುಂದಿನ ಸಾಲುಮಂಟಪದ ಭಾಗವೊಂದು ಕುಸಿಯಿತು.

ಸಂಡೂರಿನ ಆತಂಕ ಇನ್ನೂ ಆಳವಾದದ್ದು. ಅಲ್ಲಿ ಬೆಟ್ಟವೇ ಅದಿರು. 2006ರಲ್ಲಿ ಆಂಧ್ರದ ಗಡಿಯ ಸುಗ್ಗಲಮ್ಮ ದೇವಿಯ ಗುಡಿ ಗಣಿಗಾರಿಕೆಯ ಸ್ಫೋಟಕ್ಕೆ ಬಲಿಯಾಯಿತು. ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿಗಳು ಬಂದ ಬಳಿಕ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆಯೊಡ್ಡಿತು. ಮುಂದೆ ಷರತ್ತುಗಳೊಂದಿಗೆ ಹಂತಹಂತವಾಗಿ ಅವಕಾಶ ನೀಡಿತು. 2024ರಲ್ಲಿ ದೇವದಾರಿ ಬೆಟ್ಟದ ಗಣಿಯ ವಿಚಾರ ಮತ್ತೆ ವಿವಾದವೆಬ್ಬಿಸಿತು. ಕುಸಿದ ಮಂಟಪವನ್ನು ಮರಳಿ ಜೋಡಿಸಬಹುದು. ಕೊರೆದು ಸಾಗಿಸಿದ ಬೆಟ್ಟವನ್ನು ತಂದು ನಿಲ್ಲಿಸಲಾಗದು.

ಹೊರಡುವವರಿಗೆ

ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಸೂಕ್ತ. ಮೂರು ದಿನ ಮೀಸಲಿಟ್ಟರೆ ಆತುರವಿಲ್ಲ: ಹಂಪಿ ಹಾಗೂ ಅಂಜನಾದ್ರಿಗೆ ಎರಡು ದಿನ, ಸಂಡೂರು ಮತ್ತು ಕಂಪ್ಲಿಗೆ ಒಂದು ದಿನ. ಹೊಸಪೇಟೆಯಲ್ಲಿ ತಂಗಿದವರು ಊರಂಚಿನ ಜಂಬುನಾಥನ ಗುಡ್ಡದಿಂದ ಆರಂಭಿಸಬಹುದು. ಮತಂಗವನ್ನು ನಸುಕಿನಲ್ಲಿ ಏರುವವರು ಒಂಟಿಯಾಗಿ ಹೋಗಬಾರದು. ಮಳೆಯಲ್ಲಿ ಬಂಡೆಗಳು ಜಾರುತ್ತವೆ. ಕುಡಿಯುವ ನೀರು ಜೊತೆಗಿರಲಿ. ಗೋಡೆ, ಕಂಬಗಳನ್ನು ಹತ್ತದಿರಿ, ಹೆಸರು ಕೊರೆಯದಿರಿ. ಸಂಡೂರು, ಕಂಪ್ಲಿಗಳಿಗೆ ಪ್ರವಾಸಿಗರು ಹೆಚ್ಚಿದಷ್ಟೂ ಅವುಗಳ ರಕ್ಷಣೆಗಾಗಿ ದನಿಯೆತ್ತುವವರೂ ಹೆಚ್ಚುತ್ತಾರೆ.